ಕನ್ನಡ ಶಾಲೆಯ ಮೊದಲ ಬಾಗಿಲು ಅಂಗನವಾಡಿ

ಪ್ರತಿ ವರ್ಷ ಜೂನ್ ಬಂದೊಡನೆ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳನ್ನು ಒಂದೇ ಚಿಂತೆ ಆವರಿಸುತ್ತದೆ: ಒಂದನೆಯ ತರಗತಿಗೆ ಎಷ್ಟು ಮಕ್ಕಳು ಬಂದರು? ಪ್ರವೇಶೋತ್ಸವದ ತೋರಣ ಬಾಡುವ ಮೊದಲೇ ಆರನೆಯ ಕೆಲಸದ ದಿನದ ತಲೆಯೆಣಿಕೆ ಬರುತ್ತದೆ. ಆ ಎಣಿಕೆಯ ಆಧಾರದಲ್ಲಿ ತರಗತಿ ವಿಭಾಗಗಳು ಉಳಿಯುತ್ತವೆ ಅಥವಾ ಹೋಗುತ್ತವೆ. ಅಧ್ಯಾಪಕ ಹುದ್ದೆಗಳೂ ಹಾಗೆಯೇ. ತರಗತಿಗೆ ಸರಾಸರಿ 15 ಮಕ್ಕಳೂ ಇಲ್ಲದ ಶಾಲೆಗೆ ‘ಲಾಭದಾಯಕವಲ್ಲದ ಶಾಲೆ’ ಎಂಬ ಹಣೆಪಟ್ಟಿ ಬೀಳುತ್ತದೆ. ಆಗ ಊರು ಎಚ್ಚರಗೊಳ್ಳುತ್ತದೆ. ಹಳೆ ವಿದ್ಯಾರ್ಥಿಗಳು ಸೇರುತ್ತಾರೆ, ಮನೆಮನೆ ಭೇಟಿ ನಡೆಯುತ್ತದೆ, ಉಚಿತ ಬ್ಯಾಗು ಕೊಡೆಗಳ ಭರವಸೆ ಕೇಳಿಬರುತ್ತದೆ.

ಈ ಪ್ರಯತ್ನಗಳೆಲ್ಲ ಒಳ್ಳೆಯವೇ. ಆದರೆ ಮಗು ಯಾವ ಶಾಲೆಗೆ ಹೋಗಬೇಕೆಂಬ ತೀರ್ಮಾನ ಬಹುತೇಕ ಮನೆಗಳಲ್ಲಿ ಜೂನ್ ತಿಂಗಳಲ್ಲಿ ಆಗುವುದಿಲ್ಲ. ಅದು ಮಗುವಿಗೆ ಮೂರು ವರ್ಷ ತುಂಬುವಾಗಲೇ ಆಗಿರುತ್ತದೆ. ಹತ್ತಿರದ ಅಂಗನವಾಡಿಯಲ್ಲಿ ಮಗುವಿನ ಮಾತು ತಿಳಿಯುವವರಿಲ್ಲ, ಅಲ್ಲಿ ಏನೂ ಕಲಿಸುವುದಿಲ್ಲ ಎಂದು ಅನ್ನಿಸಿದ ಕ್ಷಣದಲ್ಲಿ ಹೆತ್ತವರು ಆಂಗ್ಲ ಮಾಧ್ಯಮದ ಎಲ್‌ಕೆಜಿಯ ವಾಹನಕ್ಕೆ ಮಗುವನ್ನು ಹತ್ತಿಸುತ್ತಾರೆ. ಆ ವಾಹನ ಹತ್ತಿದ ಮಗು ಮೂರು ವರ್ಷಗಳ ಬಳಿಕ ಕನ್ನಡ ಶಾಲೆಯ ಅಂಗಳಕ್ಕೆ ಮರಳುವುದು ಅಪರೂಪ. ಆದ್ದರಿಂದ ಕನ್ನಡ ಶಾಲೆಯನ್ನು ಉಳಿಸುವ ಮಾತು ಅಂಗನವಾಡಿಯ ಗುಣಮಟ್ಟದಿಂದಲೇ ಆರಂಭವಾಗಬೇಕು. ಗುಣಮಟ್ಟ ಎಂದರೆ ಏನು, ಅದರಲ್ಲಿ ಭಾಷೆಯ ಪಾತ್ರವೇನು, ಅದನ್ನು ಕೇಳಿ ಪಡೆಯಲು ಹೆತ್ತವರಿಗೆ ಇರುವ ದಾರಿಗಳು ಯಾವುವು ಎಂಬುದನ್ನು ಕನ್ನಡ ಮಾಧ್ಯಮದ ಅಧ್ಯಾಪಕರಾದ ನಾವು ಇಲ್ಲಿ ವಿವರಿಸಲು ಬಯಸುತ್ತೇವೆ.

ಅಂಗನವಾಡಿಯ ಹೊಣೆ ಊಟವೊಂದೇ ಅಲ್ಲ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ನಾವೆಲ್ಲ ಐಸಿಡಿಎಸ್ ಎಂದು ಕರೆಯುವ ಯೋಜನೆ, 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಕೇರಳದಲ್ಲಿ ಅದರ ಮೊದಲ ನೆಲೆ ಮಲಪ್ಪುರಂ ಜಿಲ್ಲೆಯ ವೇಂಗರ; ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಇಂದು ಕೇರಳದಲ್ಲಿ 33 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಮಂಜೇಶ್ವರ, ವರ್ಕಾಡಿ, ಪೈವಳಿಕೆ, ಎಣ್ಮಕಜೆ, ಬದಿಯಡ್ಕ, ಬೆಳ್ಳೂರು, ದೇಲಂಪಾಡಿ ಹೀಗೆ ಕನ್ನಡಿಗರು ಬಹುಸಂಖ್ಯೆಯಲ್ಲಿರುವ ಪಂಚಾಯತುಗಳ ವಾರ್ಡುವಾರ್ಡುಗಳಲ್ಲಿಯೂ ಅವು ಇವೆ. ಹಿರಿಯರು ಈಗಲೂ ಅದನ್ನು ಬಾಲವಾಡಿ ಎಂದೇ ಕರೆಯುತ್ತಾರೆ.

ಯೋಜನೆಯ ಸೇವೆಗಳು ಆರು: ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಅಗತ್ಯವಿದ್ದಲ್ಲಿ ಆಸ್ಪತ್ರೆಗೆ ಶಿಫಾರಸು, ತಾಯಂದಿರಿಗೆ ಆಹಾರ ಮತ್ತು ಆರೋಗ್ಯದ ತಿಳಿವಳಿಕೆ, ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ. ಮೊದಲ ಐದು ಸೇವೆಗಳಿಗೆ ಲೆಕ್ಕವಿದೆ. ಎಷ್ಟು ಮೊಟ್ಟೆ ಹಂಚಿದರು, ಎಷ್ಟು ಮಕ್ಕಳ ತೂಕ ನೋಡಿದರು ಎಂಬುದು ರಿಜಿಸ್ಟರಿನಲ್ಲಿಯೂ 2021ರಿಂದ ಬಂದಿರುವ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿಯೂ ದಾಖಲಾಗುತ್ತದೆ. ಆರನೆಯದು ಹಾಗಲ್ಲ. ಇಂದು ಟೀಚರ್ ಮಕ್ಕಳೊಡನೆ ಎಷ್ಟು ಹೊತ್ತು ಮಾತನಾಡಿದರು, ಯಾವ ಕಥೆ ಹೇಳಿದರು, ಯಾವ ಮಗು ಮೊದಲ ಬಾರಿಗೆ ಬಾಯಿಬಿಟ್ಟಿತು ಎಂಬುದನ್ನು ಯಾವ ಅಂಕಣವೂ ಕೇಳುವುದಿಲ್ಲ. ಲೆಕ್ಕಕ್ಕೆ ಸಿಗದ ಕೆಲಸ ಹಿಂದೆ ಬೀಳುವುದು ಸಹಜ.

ಇದನ್ನು ಅಂಗನವಾಡಿ ಟೀಚರುಗಳ ಮೇಲಿನ ದೂರಾಗಿ ಯಾರೂ ಓದಬಾರದು. ಒಬ್ಬ ಟೀಚರ್, ಒಬ್ಬ ಸಹಾಯಕಿ; ಇಬ್ಬರಿಗೂ ಸಂಬಳವಲ್ಲ, ಗೌರವಧನ. ಗರ್ಭಿಣಿಯರ ಮನೆಭೇಟಿ, ಕುಟುಂಬ ಸಮೀಕ್ಷೆ, ಪೌಷ್ಟಿಕ ಆಹಾರದ ವಿತರಣೆ, ಮೊಬೈಲಿನಲ್ಲಿ ದಾಖಲಾತಿ, ಸಭೆಗಳು ಇವೆಲ್ಲದರ ನಡುವೆ ಉಳಿದ ಸಮಯವೇ ಮಕ್ಕಳ ಪಾಲು. ಟೀಚರಿನ ಹೊರೆ ಇಳಿಯದೆ ಮಕ್ಕಳ ಕಲಿಕೆ ಏರುವುದಿಲ್ಲ.

ಗುಣಮಟ್ಟವನ್ನು ಅಳೆಯುವುದು ಹೇಗೆ

ಗೋಡೆಗೆ ಬಣ್ಣ, ಟಿವಿ, ಹೊಳೆಯುವ ಟೈಲ್ಸು ಇದ್ದರೆ ಅಂಗನವಾಡಿ ಉತ್ತಮವಾಯಿತು ಎಂದು ಹಲವರು ತಿಳಿಯುತ್ತಾರೆ. ಕಟ್ಟಡ ಬೇಕು, ನಿಜ. ಕೇಂದ್ರ ಸರ್ಕಾರದ 2013ರ ರಾಷ್ಟ್ರೀಯ ಆರಂಭಿಕ ಬಾಲ್ಯ ಆರೈಕೆ ಮತ್ತು ಶಿಕ್ಷಣ ನೀತಿ ಕೆಲವು ಅಳತೆಗಳನ್ನು ಹೇಳಿದೆ. 30 ಮಕ್ಕಳಿಗೆ ಕನಿಷ್ಠ 35 ಚದರ ಮೀಟರ್ ಕೊಠಡಿ, ಹೊರಗೆ ಆಡಲು ಕನಿಷ್ಠ 30 ಚದರ ಮೀಟರ್ ಜಾಗ, ಕುಡಿಯುವ ನೀರು, ಮಕ್ಕಳು ತಾವಾಗಿಯೇ ಬಳಸಬಹುದಾದ ಶೌಚಾಲಯ, ದಿನಕ್ಕೆ ಮೂರರಿಂದ ನಾಲ್ಕು ಗಂಟೆಗಳ ಕಲಿಕೆಯ ಕಾರ್ಯಕ್ರಮ, ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬ ಹಿರಿಯರು ಎಂಬವು ಅವುಗಳಲ್ಲಿ ಮುಖ್ಯ. ನಮ್ಮೂರ ಅಂಗನವಾಡಿ ಈ ಅಳತೆಗೆ ಎಷ್ಟು ಹತ್ತಿರವಿದೆ ಎಂದು ಯಾವ ಪೋಷಕರೂ ಒಂದು ಅಳತೆಪಟ್ಟಿ ಹಿಡಿದು ನೋಡಬಹುದು.

ಆದರೆ ಕೊಠಡಿಗಿಂತ ಮುಖ್ಯವಾದುದು ಆ ಕೊಠಡಿಯೊಳಗಿನ ಮಾತು. ಮೂರರಿಂದ ಆರರ ವಯಸ್ಸಿನಲ್ಲಿ ಮಗು ಲೋಕವನ್ನು ಅರಿಯುವುದು ಆಟದಿಂದ ಮತ್ತು ಮಾತಿನಿಂದ. ಮಿದುಳಿನ ಒಟ್ಟು ಬೆಳವಣಿಗೆಯಲ್ಲಿ ಶೇಕಡಾ 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೇ ನಡೆಯುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಆ ಬೆಳವಣಿಗೆಗೆ ಬೇಕಾದ ಆಹಾರ ತಟ್ಟೆಯಲ್ಲಿರುವುದಷ್ಟೇ ಅಲ್ಲ. ಪ್ರಶ್ನೆ ಕೇಳುವುದು, ಉತ್ತರ ಪಡೆಯುವುದು, ಕಥೆಯ ಮುಂದಿನ ಘಟನೆಯನ್ನು ಊಹಿಸುವುದು, ಜಗಳವನ್ನು ಮಾತಿನಲ್ಲಿ ತೀರಿಸಿಕೊಳ್ಳುವುದು, ‘ಅದು ಹೀಗಲ್ಲ ಟೀಚರ್, ಹಾಗೆ’ ಎಂದು ತಿದ್ದುವುದು ಇವೂ ಆಹಾರವೇ. ಒಳ್ಳೆಯ ಅಂಗನವಾಡಿಯಲ್ಲಿ ಟೀಚರಿಗಿಂತ ಮಕ್ಕಳ ದನಿ ಹೆಚ್ಚು ಕೇಳಿಸುತ್ತದೆ. ಮಕ್ಕಳು ಕೈಕಟ್ಟಿ ಸಾಲಾಗಿ ಕುಳಿತಿರುವ, ಟೀಚರ್ ಹೇಳಿದ್ದನ್ನು ಒಕ್ಕೊರಲಿನಿಂದ ತಿರುಗಿ ಹೇಳುವ ಅಂಗನವಾಡಿ ನೋಟಕ್ಕೆ ಶಿಸ್ತಿನದಾಗಿ ಕಂಡರೂ ಅಲ್ಲಿ ಕಲಿಕೆ ತೆಳ್ಳಗಿರುತ್ತದೆ.

ಒಂದು ಹಸಿವಿಗೆ ಮೂರು ಹೆಸರು

ಇಲ್ಲಿಯೇ ನಮ್ಮ ಜಿಲ್ಲೆಯ ವಿಶೇಷ ಸಮಸ್ಯೆ ಎದುರಾಗುತ್ತದೆ. ಹಸಿವಾದಾಗ ತುಳು ಮನೆಯ ಮಗು ‘ಬಡವು’ ಎನ್ನುತ್ತದೆ. ಕನ್ನಡ ಮನೆಯ ಮಗುವಿಗೆ ಅದು ‘ಹಸಿವು’. ಮಲೆಯಾಳ ಮನೆಯ ಮಗುವಿಗೆ ‘ವಿಶಪ್ಪು’. ತಟ್ಟೆಯಲ್ಲಿ ಬೀಳುವುದು ಒಬ್ಬರಿಗೆ ‘ನುಪ್ಪು’, ಒಬ್ಬರಿಗೆ ‘ಅನ್ನ’, ಒಬ್ಬರಿಗೆ ‘ಚೋರು’. ಇನ್ನು ಕೊಂಕಣಿ, ಮರಾಠಿ, ಬ್ಯಾರಿ, ಕೊರಗ, ಹವ್ಯಕ ಕನ್ನಡ ಬೇರೆ. ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಗಳಲ್ಲಿ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಸಂಗಮ ನಿಜವಾಗಿ ನಡೆಯುವುದು ಅಂಗನವಾಡಿಯ ಚಾಪೆಯ ಮೇಲೆ.

ಹಾಗಿರುವಾಗ ಟೀಚರಿಗೆ ಮಲೆಯಾಳವೊಂದೇ ತಿಳಿದಿದ್ದರೆ ಏನಾಗುತ್ತದೆ? ಮೊದಲ ಕೆಲವು ವಾರ ಮಗು ಅಳುತ್ತದೆ. ಆಮೇಲೆ ಸುಮ್ಮನಾಗುತ್ತದೆ. ‘ಈಗ ಹೊಂದಿಕೊಂಡಿತು’ ಎಂದು ಎಲ್ಲರೂ ಸಮಾಧಾನಪಡುತ್ತಾರೆ. ಹೊಂದಿಕೊಂಡ ಮಗುವಿಗೂ ಮಾತು ನಿಲ್ಲಿಸಿದ ಮಗುವಿಗೂ ಹೊರನೋಟಕ್ಕೆ ವ್ಯತ್ಯಾಸ ಕಾಣುವುದಿಲ್ಲ ಎಂಬುದೇ ಇಲ್ಲಿನ ಅಪಾಯ. ಬಾಯಾರಿಕೆ, ಮೂತ್ರಕ್ಕೆ ಹೋಗಬೇಕು, ಹೊಟ್ಟೆನೋವು ಎಂಬಷ್ಟನ್ನು ಕೈಸನ್ನೆಯಿಂದ ತಿಳಿಸಬಹುದು. ‘ಕಾಗೆ ಯಾಕೆ ಕಪ್ಪು?’ ಎಂದು ಕೈಸನ್ನೆಯಲ್ಲಿ ಕೇಳಲಾಗುವುದಿಲ್ಲ. ಕೇಳದ ಪ್ರಶ್ನೆಗಳ ಎರಡು ಮೂರು ವರ್ಷಗಳು ಮಗುವಿನ ಬಾಲ್ಯದಿಂದ ಕಳೆದುಹೋಗುತ್ತವೆ.

2025ರಲ್ಲಿ ಕೇರಳದ ಪುಟ್ಟ ಮಗುವೊಂದು ಅಂಗನವಾಡಿಯಲ್ಲಿ ಉಪ್ಪಿಟ್ಟಿಗೆ ಬದಲಾಗಿ ಬಿರಿಯಾನಿ ಬೇಕೆಂದು ಕೇಳಿದ ವಿಡಿಯೊ ಮನೆಮನೆಯಲ್ಲಿ ನಗು ತಂದಿತ್ತು. ಅದೇ ವರ್ಷದ ಜೂನಿನಲ್ಲಿ ಮೊಟ್ಟೆ ಬಿರಿಯಾನಿ, ಪುಲಾವು ಸೇರಿದ ಹೊಸ ಊಟಪಟ್ಟಿ ಅಂಗನವಾಡಿಗಳಿಗೆ ಪ್ರಕಟವಾಯಿತು. ಸಂತೋಷದ ಸಂಗತಿ. ಆದರೆ ಅದರ ಹಿಂದಿರುವ ಸತ್ಯವನ್ನು ಗಮನಿಸಬೇಕು: ಆ ಮಗು ತನ್ನ ಭಾಷೆಯಲ್ಲಿ ಕೇಳಿತು, ಕೇಳಿದ್ದು ಎಲ್ಲರಿಗೂ ಅರ್ಥವಾಯಿತು, ಅದಕ್ಕಾಗಿಯೇ ಊಟಪಟ್ಟಿ ಬದಲಾಯಿತು. ನಮ್ಮ ಗಡಿನಾಡಿನ ಮಗುವಿಗೂ ಹಾಗೆ ಕೇಳುವ ಅವಕಾಶ ಬೇಕು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ದೂರಮಾಡಬೇಕು. ಒಂದು, ಇದು ಮಲೆಯಾಳದ ವಿರುದ್ಧದ ವಾದವಲ್ಲ. ಕೇರಳದಲ್ಲಿ ಬಾಳುವ ನಮ್ಮ ಮಕ್ಕಳಿಗೆ ಮಲೆಯಾಳ ಚೆನ್ನಾಗಿ ಬರಬೇಕು. ಕಚೇರಿ, ಆಸ್ಪತ್ರೆ, ಪಿಎಸ್‌ಸಿ ಪರೀಕ್ಷೆ ಎಲ್ಲದಕ್ಕೂ ಅದು ಅಗತ್ಯ. ಚಿಕ್ಕ ಮಕ್ಕಳು ಒಡನಾಟದಲ್ಲಿ ಹಲವು ಭಾಷೆಗಳನ್ನು ಲೀಲಾಜಾಲವಾಗಿ ಹಿಡಿಯಬಲ್ಲರು. ಹೊಸ ಭಾಷೆ ಮಗುವಿಗೆ ಸೇರ್ಪಡೆಯಾಗಬೇಕು, ಇದ್ದ ಭಾಷೆಯ ಜಾಗವನ್ನು ಕಸಿಯಬಾರದು ಎಂಬಷ್ಟೇ ನಮ್ಮ ಮಾತು. ಎರಡು, ಕನ್ನಡ ಶಾಲೆಗೆ ಬರುವ ಮಕ್ಕಳೆಲ್ಲರ ಮನೆಮಾತು ಕನ್ನಡವೇ ಅಲ್ಲ. ತುಳು ಮಾತನಾಡುವ ಮನೆಗಳ ಮಕ್ಕಳು ಗಣನೀಯ ಸಂಖ್ಯೆಯಲ್ಲಿದ್ದಾರೆ. ಅವರಿಗೆ ಅಂಗನವಾಡಿಯಲ್ಲಿ ತುಳುವಿನ ಆಸರೆಯೂ ಕನ್ನಡದ ಪರಿಚಯವೂ ಒಟ್ಟಿಗೆ ಬೇಕು. ‘ಪುಚ್ಚೆ’ ಎಂದ ಮಗುವಿಗೆ ‘ಹೌದು, ಪುಚ್ಚೆ, ಬೆಕ್ಕು ಎಲ್ಲಿ ಓಡಿತು?’ ಎಂದು ಮರುನುಡಿಯುವ ಟೀಚರ್ ಒಂದೇ ವಾಕ್ಯದಲ್ಲಿ ಆ ಸೇತುವೆ ಕಟ್ಟುತ್ತಾರೆ. ಪಕ್ಕದ ಮಲೆಯಾಳ ಮನೆಯ ಮಗು ಅದೇ ಬೆಕ್ಕನ್ನು ‘ಪೂಚ್ಚ’ ಎಂದಾಗ ಮೂವರೂ ನಗುತ್ತಾರೆ. ಮಿಶ್ರ ಭಾಷೆಯ ತರಗತಿ ತೊಡಕಲ್ಲ. ಅದನ್ನು ಬಳಸಲು ಬಲ್ಲವರು ಬೇಕು.

ಅಕ್ಷರ ಬರೆಸುವ ಆತುರ

‘ಅಂಗನವಾಡಿಯಲ್ಲಿ ಬರೀ ಆಟ, ಎಲ್‌ಕೆಜಿಯಲ್ಲಿ ಬರೆಸುತ್ತಾರೆ’ ಎಂಬುದು ಹೆತ್ತವರಿಂದ ನಾವು ಮತ್ತೆ ಮತ್ತೆ ಕೇಳುವ ಮಾತು. ವಿಜಯದಶಮಿಯಂದು ಅಕ್ಕಿಯ ಮೇಲೆ ಬೆರಳು ಹಿಡಿದು ಬರೆಸುವುದು ಒಂದು ಸಂಸ್ಕಾರ, ಅದರ ಸೊಗಸೇ ಬೇರೆ. ಆದರೆ ಮೂರುವರೆ ವರ್ಷದ ಮಗುವಿನ ಕೈಗೆ ಪೆನ್ಸಿಲು ಕೊಟ್ಟು ದಿನವೂ ನಾಲ್ಕು ಗೆರೆಯ ಪುಸ್ತಕ ತುಂಬಿಸುವುದು ಸಂಸ್ಕಾರವಲ್ಲ, ಶಿಕ್ಷೆ. ಆ ವಯಸ್ಸಿನಲ್ಲಿ ಬೆರಳಿನ ಸ್ನಾಯುಗಳು ಇನ್ನೂ ಬಲಿತಿರುವುದಿಲ್ಲ. ಮಣ್ಣು ಕಲಸುವುದು, ಹೂ ಪೋಣಿಸುವುದು, ಮರಳಿನಲ್ಲಿ ಗೀಚುವುದು, ಕಾಗದ ಹರಿದು ಅಂಟಿಸುವುದು ಇವೇ ಆಗಿನ ಬರವಣಿಗೆಯ ಪಾಠ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಆರು ವರ್ಷದ ಮಕ್ಕಳಿಗೆ ನಿಗದಿತ ಪಠ್ಯಪುಸ್ತಕವೇ ಬೇಡ ಎಂದು ಹೇಳಿದೆ.

ಕನ್ನಡದ ಮಟ್ಟಿಗೆ ಈ ಮಾತಿಗೆ ಇನ್ನೂ ಒಂದು ಕಾರಣವಿದೆ. ನಮ್ಮ ಲಿಪಿಯಲ್ಲಿ ಮೂಲಾಕ್ಷರಗಳ ಜತೆಗೆ ಕಾಗುಣಿತ, ಒತ್ತಕ್ಷರ ಸೇರಿ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಓದಿನ ಕಲಿಕೆಯನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರ ಸಂಶೋಧನೆ, ಕನ್ನಡ ಅಕ್ಷರಗಳ ಪೂರ್ಣ ಹಿಡಿತ ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ಮುಂದುವರಿಯುವ ಕಲಿಕೆ ಎಂದು ತೋರಿಸಿದೆ. ಅಂದಮೇಲೆ ನಾಲ್ಕರ ವಯಸ್ಸಿನಲ್ಲಿ ವರ್ಣಮಾಲೆ ಮುಗಿಸುವ ಧಾವಂತಕ್ಕೆ ಅರ್ಥವಿಲ್ಲ. ಆ ವಯಸ್ಸಿಗೆ ಬೇಕಾದದ್ದು ಕಿವಿಯ ತಯಾರಿ. ಪ್ರಾಸ ಹಿಡಿಯುವುದು, ‘ಮರ’ದಲ್ಲಿ ಎಷ್ಟು ತುಂಡು ಎಂದು ಚಪ್ಪಾಳೆ ತಟ್ಟಿ ಎಣಿಸುವುದು, ‘ಕ’ದಿಂದ ಆರಂಭವಾಗುವ ವಸ್ತುಗಳನ್ನು ಅಂಗಳದಲ್ಲಿ ಹುಡುಕುವುದು ಇವೆಲ್ಲ ಮುಂದೆ ಓದಿನ ಅಡಿಪಾಯವಾಗುತ್ತವೆ. ಸಾವಿರಾರು ಮಾತುಗಳು ಕಿವಿಯಲ್ಲಿ ತುಂಬಿದ ಮಗು ಒಂದನೆಯ ತರಗತಿಯಲ್ಲಿ ಅಕ್ಷರ ಕಂಡಾಗ ಅದರ ಹಿಂದಿನ ಮಾತನ್ನು ತಾನೇ ಗುರುತಿಸುತ್ತದೆ. ಕಿವಿ ಬರಿದಾಗಿದ್ದರೆ ಅಕ್ಷರ ಬರೀ ಗೆರೆ.

ಕೇರಳದಲ್ಲಿ ಒಂದನೆಯ ತರಗತಿಗೆ ಸೇರುವ ವಯಸ್ಸನ್ನು 2026–27ರಿಂದ ಐದರಿಂದ ಆರಕ್ಕೆ ಏರಿಸುವುದಾಗಿ ಶಿಕ್ಷಣ ಸಚಿವರು 2025ರಲ್ಲಿ ಪ್ರಕಟಿಸಿದರು. ಅಂದರೆ ಶಾಲಾಪೂರ್ವ ಹಂತ ಒಂದು ವರ್ಷ ಉದ್ದವಾಗುತ್ತದೆ. ಆ ಹೆಚ್ಚುವರಿ ವರ್ಷ ನಮ್ಮ ಮಕ್ಕಳಿಗೆ ವರವಾಗುತ್ತದೆಯೋ ಹೊರೆಯಾಗುತ್ತದೆಯೋ ಎಂಬುದು ಆ ವರ್ಷ ಅವರು ಕೇಳುವ, ಆಡುವ ಭಾಷೆಯ ಮೇಲೆ ನಿಂತಿದೆ.

ಎರಡು ಇಲಾಖೆಗಳ ನಡುವೆ ಬಿದ್ದ ಮಗು

ನಮಗೆ ಹಕ್ಕಿಲ್ಲವೇ ಎಂದು ಹೆತ್ತವರು ಕೇಳುತ್ತಾರೆ. ಇದೆ, ಆದರೆ ಅದರ ಸ್ವರೂಪವನ್ನು ಸರಿಯಾಗಿ ತಿಳಿಯಬೇಕು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರತಿ ಸ್ಥಳೀಯ ಸಂಸ್ಥೆಯೂ ಯತ್ನಿಸಬೇಕು ಎಂದು ಅದು ಹೇಳುತ್ತದೆ. ‘ಸ್ಥಳೀಯ ಸಂಸ್ಥೆ’ ಎಂಬ ಪದವನ್ನು ನೆನಪಿಡಬೇಕು. ಪಂಚಾಯತಿನ ಹೊಣೆಯೂ ಅದರಲ್ಲಿದೆ.

ತೊಡಕು ‘ಪ್ರಾಥಮಿಕ ಹಂತ’ ಎಂಬ ಪದದಲ್ಲಿದೆ. ಅಂಗನವಾಡಿ ಪ್ರಾಥಮಿಕ ಶಾಲೆಯಲ್ಲ. ಕನ್ನಡ ಮಾಧ್ಯಮ ಶಾಲೆ ಸಾರ್ವಜನಿಕ ಶಿಕ್ಷಣ ಇಲಾಖೆಯದು. ಅಂಗನವಾಡಿ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯದು. ಶಾಲೆಗೆ ‘ಕನ್ನಡ ಮಾಧ್ಯಮ’ ಎಂಬ ಗುರುತಿದೆ, ಅದಕ್ಕೆ ತಕ್ಕಂತೆ ಹುದ್ದೆಗಳಿವೆ. ಶಾಲೆಯಲ್ಲಿಯೇ ಕನ್ನಡ ಅರಿಯದ ಅಧ್ಯಾಪಕರ ನೇಮಕದ ವಿರುದ್ಧ ಹೋರಾಡಬೇಕಾಗಿ ಬಂದಿರುವಾಗ, ಅಂತಹ ಗುರುತೇ ಇಲ್ಲದ ಅಂಗನವಾಡಿಯ ಸ್ಥಿತಿಯನ್ನು ಊಹಿಸಬಹುದು. 2009ರ ಶಿಕ್ಷಣ ಹಕ್ಕು ಕಾಯಿದೆಯೂ ಆರರಿಂದ ಹದಿನಾಲ್ಕು ವರ್ಷದವರಿಗೆ ಸಂಬಂಧಿಸಿದ್ದು. ಮೂರರಿಂದ ಆರರವರೆಗಿನ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣದ ಏರ್ಪಾಡು ಮಾಡಬಹುದು ಎಂದಷ್ಟೇ ಅದರ 11ನೆಯ ವಿಭಾಗ ಸರ್ಕಾರಗಳಿಗೆ ಸೂಚಿಸುತ್ತದೆ.

ಈ ಕಂದಕವನ್ನು ತುಂಬುವುದು ನೀತಿಗಳು. ಮಗುವಿನ ಮಾತೃಭಾಷೆ ಅಥವಾ ಮನೆಮಾತೇ ಶಾಲಾಪೂರ್ವ ಕಾರ್ಯಕ್ರಮದ ಮುಖ್ಯ ವ್ಯವಹಾರ ಭಾಷೆಯಾಗಬೇಕು, ಪ್ರಾದೇಶಿಕ ಭಾಷೆಯನ್ನು ಅಗತ್ಯಕ್ಕೆ ತಕ್ಕಂತೆ ಮೌಖಿಕವಾಗಿ ಪರಿಚಯಿಸಬಹುದು ಎಂದು 2013ರ ನೀತಿ ಸ್ಪಷ್ಟವಾಗಿ ಹೇಳಿದೆ. 2020ರ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷವನ್ನು ಒಂದೇ ಬುನಾದಿ ಹಂತವಾಗಿ ಕಾಣುತ್ತದೆ; ಅಂಗನವಾಡಿಯೂ ಒಂದು, ಎರಡನೆಯ ತರಗತಿಗಳೂ ಅದರಲ್ಲಿ ಒಂದೇ ಸರಪಳಿಯ ಕೊಂಡಿಗಳು. ಸರಪಳಿ ಒಂದೇ ಆದಮೇಲೆ ಎರಡನೆಯ ಕೊಂಡಿ ಕನ್ನಡದಲ್ಲಿದ್ದು ಮೊದಲನೆಯದು ಮಗುವಿಗೆ ತಿಳಿಯದ ಭಾಷೆಯಲ್ಲಿರುವುದು ಯಾವ ನ್ಯಾಯ? ನೀತಿ ಕಾನೂನಲ್ಲ, ಅದರ ಬಲದಿಂದ ನೇರವಾಗಿ ಆಜ್ಞೆ ಪಡೆಯಲಾಗುವುದಿಲ್ಲ ಎಂಬುದನ್ನೂ ಅರಿತಿರಬೇಕು. ಆದ್ದರಿಂದ ಬೇಡಿಕೆಯ ಮೊದಲ ಅಂಗಳ ನ್ಯಾಯಾಲಯಕ್ಕಿಂತ ಗ್ರಾಮಸಭೆ.

ಗ್ರಾಮಸಭೆಯಲ್ಲಿ ಕೇಳಬೇಕಾದವು

1996ರಲ್ಲಿ ಆರಂಭವಾದ ಜನಕೀಯ ಯೋಜನೆಯಿಂದೀಚೆಗೆ ಕೇರಳದ ಪಂಚಾಯತುಗಳಿಗೆ ಸ್ವಂತ ಯೋಜನಾ ನಿಧಿಯೂ ಅಧಿಕಾರವೂ ಇದೆ. ಅಂಗನವಾಡಿಯ ಕಟ್ಟಡ, ದುರಸ್ತಿ, ಪೌಷ್ಟಿಕ ಆಹಾರ ಇವುಗಳಿಗೆ ಹಣ ಹೋಗುವುದು ಬಹುಪಾಲು ಅಲ್ಲಿಂದಲೇ. ವಾರ್ಡು ಸದಸ್ಯರ ನೇತೃತ್ವದಲ್ಲಿ ಅಂಗನವಾಡಿಗೊಂದು ಬೆಂಬಲ ಸಮಿತಿ ಇರುತ್ತದೆ, ಅದರಲ್ಲಿ ಹೆತ್ತವರಿಗೂ ಸ್ಥಾನವಿದೆ. ಗ್ರಾಮಸಭೆಯಲ್ಲಿ ರಸ್ತೆ, ಬೀದಿದೀಪ, ಕೊಳವೆಬಾವಿಗಳ ನಡುವೆ ಈ ಐದು ವಿಷಯಗಳನ್ನು ಬರವಣಿಗೆಯಲ್ಲಿ ಇಡಬೇಕೆಂಬುದು ನಮ್ಮ ವಿನಂತಿ.

ಮೊದಲನೆಯದು, ಮನೆಮಾತಿನ ದಾಖಲೆ. ಅಂಗನವಾಡಿ ಟೀಚರ್ ಹೇಗೂ ಕುಟುಂಬ ಸಮೀಕ್ಷೆ ನಡೆಸುತ್ತಾರೆ. ಮಗುವಿನ ಮನೆಮಾತು ಯಾವುದು, ಹೆತ್ತವರು ಬಯಸುವ ಶಾಲಾ ಮಾಧ್ಯಮ ಯಾವುದು ಎಂಬ ಎರಡು ಅಂಕಣಗಳು ಅದಕ್ಕೆ ಸೇರಲಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಆದರೆ ಮುಂದಿನ ಎಲ್ಲ ಬೇಡಿಕೆಗಳಿಗೂ ಇದೇ ಆಧಾರ. ಅಂಕಿ ಇಲ್ಲದ ಬೇಡಿಕೆಯನ್ನು ಅಧಿಕಾರಿಗಳು ಭಾವುಕತೆ ಎಂದು ಬದಿಗೆ ಸರಿಸುತ್ತಾರೆ.

ಎರಡನೆಯದು, ಭಾಷೆ ಬಲ್ಲ ಟೀಚರ್. ಅಂಗನವಾಡಿ ಟೀಚರ್ ಮತ್ತು ಸಹಾಯಕಿ ಅದೇ ಪಂಚಾಯತಿನ ನಿವಾಸಿಗಳಾಗಿರಬೇಕೆಂಬ ನಿಯಮವಿದೆ. ಆದರೆ ನಿವಾಸಿಯಾದ ಮಾತ್ರಕ್ಕೆ ಕನ್ನಡ ಬರುತ್ತದೆ ಎಂದಲ್ಲ. ಕನ್ನಡ, ತುಳು ಮನೆಗಳ ಮಕ್ಕಳು ಹೆಚ್ಚಿರುವ ಕೇಂದ್ರಗಳಿಗೆ ನೇಮಕ ಅಥವಾ ವರ್ಗಾವಣೆಯಾಗುವಾಗ ಆ ಭಾಷೆಯ ಅರಿವನ್ನು ಪರಿಗಣಿಸಬೇಕೆಂದು ಪಂಚಾಯತು ನಿರ್ಣಯ ಕೈಗೊಂಡು ಇಲಾಖೆಗೆ ಕಳುಹಿಸಲಿ. ಈಗಾಗಲೇ ಇರುವ ಟೀಚರಿಗೆ ಕನ್ನಡ ಬಾರದಿದ್ದರೆ ಅವರನ್ನು ಓಡಿಸುವುದು ಪರಿಹಾರವಲ್ಲ. ಕನ್ನಡ ಬಲ್ಲ ಸಹಾಯಕಿ, ಆಡುನುಡಿಯ ಕಿರು ತರಬೇತಿ ಇವು ಪರಿಹಾರ.

ಮೂರನೆಯದು, ಕನ್ನಡದ ಸಾಮಗ್ರಿ. ಕರ್ನಾಟಕದ ಅಂಗನವಾಡಿಗಳಿಗಾಗಿ ರೂಪಿಸಿದ ‘ಚಿಲಿಪಿಲಿ’ ಚಟುವಟಿಕೆಗಳು ಗಡಿಯಾಚೆ ಹತ್ತಿರದಲ್ಲೇ ಇವೆ. ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ಯಾರೂ ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು. ಪಂಜೆ ಮಂಗೇಶರಾಯರಿಂದ ಮೊದಲ್ಗೊಂಡು ನಮ್ಮ ಕರಾವಳಿಯಲ್ಲಿ ಬೆಳೆದ ಶಿಶುಗೀತೆಗಳ ಭಂಡಾರವೇ ಇದೆ. ಪ್ರತಿ ಅಂಗನವಾಡಿಗೆ ಇಪ್ಪತ್ತು ಕನ್ನಡ ಚಿತ್ರಪುಸ್ತಕಗಳ ಒಂದು ಕಪಾಟು ಪಂಚಾಯತಿಗೆ ದೊಡ್ಡ ಖರ್ಚಲ್ಲ.

ನಾಲ್ಕನೆಯದು, ಶಾಲೆಯ ನಂಟು. ಅಂಗನವಾಡಿಯನ್ನು ಪ್ರಾಥಮಿಕ ಶಾಲೆಯ ಆವರಣದಲ್ಲಿಯೇ ನಡೆಸುವುದನ್ನು 2020ರ ನೀತಿ ಪ್ರೋತ್ಸಾಹಿಸುತ್ತದೆ. ಮಕ್ಕಳ ಸಂಖ್ಯೆ ಇಳಿದು ಕೊಠಡಿ ಖಾಲಿಯಿರುವ ಕನ್ನಡ ಶಾಲೆಗಳು ನಮ್ಮಲ್ಲಿವೆ. ಬಾಡಿಗೆ ಕಟ್ಟಡದಲ್ಲಿ ಇಕ್ಕಟ್ಟಾಗಿರುವ ಅಂಗನವಾಡಿಗಳೂ ಇವೆ. ಎರಡನ್ನೂ ಸೇರಿಸಲು ಇಲಾಖೆಗಳ ಒಪ್ಪಿಗೆ ಬೇಕು, ಆದರೆ ಮೊದಲ ಪತ್ರ ಊರಿನಿಂದಲೇ ಹೋಗಬೇಕು. ಅದಾಗುವವರೆಗೆ ತಿಂಗಳಿಗೊಮ್ಮೆ ಅಂಗನವಾಡಿಯ ಮಕ್ಕಳು ಶಾಲೆಗೆ ಬಂದು ಕಥೆ ಕೇಳಲಿ, ಒಂದನೆಯ ತರಗತಿಯ ಅಧ್ಯಾಪಕರು ಅಂಗನವಾಡಿಗೆ ಹೋಗಿ ಮಕ್ಕಳನ್ನು ಕಾಣಲಿ. ಪರಿಚಿತ ಮುಖವಿರುವ ಶಾಲೆಗೆ ಮಗು ಅಳದೆ ಬರುತ್ತದೆ.

ಐದನೆಯದು, ಟೀಚರಿಗೆ ಸಮಯ. ದಿನದಲ್ಲಿ ಕನಿಷ್ಠ ಎರಡು ಗಂಟೆ ಫೋನು, ರಿಜಿಸ್ಟರು, ಸಭೆ ಯಾವುದೂ ಇಲ್ಲದೆ ಮಕ್ಕಳಿಗಾಗಿಯೇ ಮೀಸಲಾಗಿರಲಿ. ಇದನ್ನು ಬೆಂಬಲ ಸಮಿತಿಯೇ ತೀರ್ಮಾನಿಸಿ ಐಸಿಡಿಎಸ್ ಸೂಪರ್‌ವೈಸರಿಗೆ ತಿಳಿಸಬಹುದು.

ಅರ್ಜಿಯನ್ನು ಮಲೆಯಾಳದಲ್ಲಿ ಬರೆಯಲು ಬಾರದೆ ಹಿಂಜರಿಯುವವರು ಒಂದು ಸಂಗತಿಯನ್ನು ತಿಳಿದಿರಲಿ. ಕೇರಳದ 1969ರ ಅಧಿಕೃತ ಭಾಷೆಗಳ ಕಾಯಿದೆಯ ಪ್ರಕಾರ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರ್ಕಾರದೊಡನೆ, ಇಲಾಖಾ ಮುಖ್ಯಸ್ಥರೊಡನೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಗಳ ಸ್ಥಳೀಯ ಕಚೇರಿಗಳೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಕನ್ನಡದಲ್ಲಿ ಬರೆದ ಅರ್ಜಿ ತಾನೇ ಒಂದು ಸಾಕ್ಷ್ಯ.

ಮನೆಯ ಪಾಲು

ಉಳಿದದ್ದು ನಮ್ಮ ಮನೆಗಳ ಕೆಲಸ. ಅಂಗನವಾಡಿಯ ಕಲಿಕೆಗೆ ಬೇಕಾದ ಆಟಿಕೆಗಳು ನಮ್ಮ ತೋಟದಲ್ಲೇ ಬಿದ್ದಿವೆ. ಅಡಕೆಯನ್ನು ದೊಡ್ಡದು ಸಣ್ಣದು ಎಂದು ವಿಂಗಡಿಸುವುದು ಗಣಿತ. ಹಲಸಿನ ಎಲೆ, ಮಾವಿನ ಎಲೆಗಳನ್ನು ಜೋಡಿ ಮಾಡುವುದು ವಿಜ್ಞಾನ. ತೆಂಗಿನ ಗೆರಟೆಯಲ್ಲಿ ನೀರು ಅಳೆಯುವುದು ಅಳತೆಯ ಪಾಠ. ಐದು ವರ್ಷದ ಮಗು ಅಜ್ಜಿಯೊಡನೆ ಚೆನ್ನೆಮಣೆಯ ಹದಿನಾಲ್ಕು ಗುಳಿಗಳಿಗೆ ನಾಲ್ಕು ನಾಲ್ಕು ಕಾಯಿ ತುಂಬುವಾಗ ಎಣಿಕೆ, ಸಮಪಾಲು, ತಾಳ್ಮೆ ಮೂರನ್ನೂ ಕಲಿಯುತ್ತದೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳಿಗೆ ಯಕ್ಷಗಾನದ ವೇಷವೇ ಚಿತ್ರಪುಸ್ತಕ. ಆಟ ನೋಡಿ ಬಂದ ಮರುದಿನ ‘ನಿನ್ನೆ ಬಣ್ಣದ ವೇಷ ಏನು ಮಾಡಿತು?’ ಎಂದು ಕೇಳಿದರೆ ಮಗು ಒಂದು ಇಡೀ ಕಥೆ ಕಟ್ಟುತ್ತದೆ.

ವಾರಕ್ಕೊಮ್ಮೆ ಒಬ್ಬ ಅಜ್ಜಿಯೋ ಅಜ್ಜನೋ ಅಂಗನವಾಡಿಗೆ ಹೋಗಿ ಅರ್ಧ ಗಂಟೆ ಕಥೆ ಹೇಳುವ ಸರದಿಯನ್ನು ಹೆತ್ತವರು ತಾವೇ ಗೊತ್ತುಪಡಿಸಿಕೊಳ್ಳಬಹುದು. ಟೀಚರಿಗೆ ಕನ್ನಡ ಬಾರದ ಕೇಂದ್ರದಲ್ಲಿ ಇದಕ್ಕಿಂತ ಬೇಗ ಫಲ ಕೊಡುವ ಉಪಾಯ ಇನ್ನೊಂದಿಲ್ಲ. ಸಂಜೆ ಮನೆಗೆ ಬಂದ ಮಗುವಿನೊಡನೆ ‘ಇವತ್ತು ಏನು ಬರೆಸಿದರು?’ ಎನ್ನುವುದಕ್ಕೆ ಬದಲಾಗಿ ‘ಇವತ್ತು ಯಾರ ಜತೆ ಆಡಿದೆ? ಏನು ಮಾತನಾಡಿದೆ?’ ಎಂದು ಕೇಳೋಣ. ಉತ್ತರ ಬಂದರೆ ಅಂಗನವಾಡಿ ಸರಿಯಾಗಿದೆ. ದಿನಗಟ್ಟಲೆ ಬಾರದಿದ್ದರೆ ಹೋಗಿ ನೋಡಬೇಕಾದ ಹೊತ್ತು ಬಂದಿದೆ ಎಂದರ್ಥ.

ಕಾಸರಗೋಡನ್ನು ಉದಾಹರಣೆಯಾಗಿ ಇಟ್ಟುಕೊಂಡು ಇಷ್ಟನ್ನು ಹೇಳಿದೆವು. ಅಕ್ಕಲಕೋಟೆ, ಜತ್ತ, ತಾಳವಾಡಿ, ಹೊಸೂರು, ಮಡಕಶಿರಾ, ಆದವಾನಿಗಳ ಕನ್ನಡ ಕುಟುಂಬಗಳ ಎದುರಿರುವ ಭಾಷೆ ಬೇರೆ, ಪಂಚಾಯತಿನ ನಿಯಮಗಳು ಬೇರೆ. ಆದರೆ ಐಸಿಡಿಎಸ್ ಇಡೀ ದೇಶದ್ದು, 350ಎ ವಿಧಿ ಎಲ್ಲ ರಾಜ್ಯಗಳಿಗೂ ಅನ್ವಯಿಸುವಂಥದ್ದು, 2013ರ ನೀತಿಯ ಮನೆಮಾತಿನ ತತ್ತ್ವವೂ ಎಲ್ಲರದು. ಮನೆಮಾತಿನ ದಾಖಲೆ, ಭಾಷೆ ಬಲ್ಲ ಟೀಚರ್, ಪುಸ್ತಕದ ಕಪಾಟು, ಶಾಲೆಯ ನಂಟು, ಟೀಚರಿಗೆ ಸಮಯ ಎಂಬ ಐದು ಬೇಡಿಕೆಗಳನ್ನು ಮರಾಠಿ, ತಮಿಳು, ತೆಲುಗು ನಾಡುಗಳ ಗ್ರಾಮಸಭೆಗಳಲ್ಲಿಯೂ ಇಡಬಹುದು.

ಮುಂದಿನ ಗ್ರಾಮಸಭೆಯ ನೋಟೀಸು ಬಂದಾಗ ಅದನ್ನು ಮಡಚಿ ಬದಿಗಿಡದೆ, ನಮ್ಮ ವಾರ್ಡಿನ ಅಂಗನವಾಡಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಅವರಲ್ಲಿ ಎಷ್ಟು ಮಂದಿಯ ಮನೆಮಾತು ಕನ್ನಡ ಅಥವಾ ತುಳು ಎಂಬ ಒಂದು ಪಟ್ಟಿಯನ್ನು ಕೈಯಲ್ಲಿ ಹಿಡಿದು ನಾಲ್ಕು ಮಂದಿ ತಾಯಂದಿರು ಒಟ್ಟಾಗಿ ಹೋಗಲಿ. ಅಂತಹ ಪಟ್ಟಿ ಸಿದ್ಧಪಡಿಸಲು ಆಯಾ ಊರಿನ ಕನ್ನಡ ಶಾಲೆಯ ಅಧ್ಯಾಪಕರು ನೆರವಾಗುತ್ತಾರೆ. ಆ ಹೊಣೆಯನ್ನು ನಾವು ಹೊರಲು ಸಿದ್ಧರಿದ್ದೇವೆ.